ಒಂದೇ ಒಂದು ಹಸು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬಾಯಿ ಬಿಟ್ಟು ಎಣಿಸುವವನಲ್ಲ. ಲೆಕ್ಕ ಬರುವುದಿಲ್ಲ ಎಂದಲ್ಲ, ಇಪ್ಪತ್ತರ ಮಗ್ಗಿಯನ್ನು ಈಗಲೂ ತಡವರಿಸದೆ ಒಪ್ಪಿಸಬಲ್ಲೆ. ಆದರೆ ಜೀವ ಇರುವಂಥವನ್ನು, ಅದರಲ್ಲೂ ಚೆನ್ನಾಗಿ ಮೈದುಂಬಿಕೊಂಡು ಇರುವಂಥವನ್ನು, ಇಷ್ಟಿವೆ ಎಂದು ನಾಲ್ಕು ಜನರ ಮುಂದೆ ಹೇಳಲು ನನ್ನ ನಾಲಗೆ ಏಳುವುದಿಲ್ಲ. ಇದಕ್ಕೆ ನಮ್ಮವ್ವ ಕಾರಣ. ತೆರಕಣಾಂಬಿಯಲ್ಲಿ ನಾನು ಒಂದನೇ ಕ್ಲಾಸು ಓದುತ್ತಿದ್ದಾಗ ಮನೆಗೆ ಬಂದ ನೆಂಟರೊಬ್ಬರು ಕೊಟ್ಟಿಗೆ ಕಡೆ ನೋಡಿ, "ಕರ ಎಷ್ಟವೆ ಮಗ?" ಎಂದರು. ಆಗಷ್ಟೇ ಎಣಿಕೆ ಕಲಿತಿದ್ದ ಉಮೇದು. ಒಂದೊಂದರ ಕಡೆಗೂ ಬೆರಳು ತೋರಿಸಿ ಗಟ್ಟಿಯಾಗಿ ಎಣಿಸಿ ಹೇಳಿದೆ. ನೆಂಟರು ಕಾಫಿ ಕುಡಿದು ಹೋಗುವ ತನಕ ಅವ್ವ ನಗುತ್ತಲೇ ಇದ್ದಳು. ಅವರು ಬೀದಿ ತಿರುಗಿದ್ದೇ ತಡ, ನನ್ನ ತೊಡೆ ಹಿಡಿದು ಹಿಂಡಿದಳು. ಅಂದು ಸಂಜೆ ಒಂದು ಕರುವಿನ ಹೊಟ್ಟೆ ಉಬ್ಬರಿಸಿಕೊಂಡಿತು. "ಇಷ್ಟವೆ ಅಂತ ಡಂಗುರ ಹೊಡ್ದ್ಯಲ್ಲ, ಕಣ್ ಬಿತ್ತು ನೋಡ್ಲಾ" ಎಂದು ಅವ್ವ ಇನ್ನೊಂದು ತೊಡೆಯನ್ನೂ ಹಿಂಡಿದಳು. ಅದು ಎಳೆ ಹುಲ್ಲು ಜಾಸ್ತಿ ಮೇದಿತ್ತು ಎಂದು ಈಗ ನನಗೆ ಗೊತ್ತು. ಗೊತ್ತಿದ್ದು ಏನು ಪ್ರಯೋಜನ, ತೊಡೆಗೆ ಗೊತ್ತಾಗಬೇಕಲ್ಲ.

ಇಂಥ ನನಗೆ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು. ದಿನಕ್ಕೆ ಅರವತ್ತು ಎಪ್ಪತ್ತು ಜನರಿಗೆ ಫೋನು ಮಾಡಿ ನಾನು ಕೇಳಬೇಕಾಗಿದ್ದ ಮೊದಲ ಪ್ರಶ್ನೆ, "ನಿಮ್ಮ ಮನೆಯಲ್ಲಿ ಎಷ್ಟು ಹಸುಗಳಿವೆ?"

ಅದಕ್ಕೆ ಮೊದಲು ಗುಂಡ್ಲುಪೇಟೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ಇಪ್ಪತ್ತೆರಡು ವರ್ಷ ಅದರಲ್ಲಿ ನಿಂತುಕೊಂಡೇ ಬದುಕಿದೆ. ಕೇರಳದ ಕಡೆ ಹೋಗುವ ಲಾರಿ ಚಾಲಕರಿಂದ ಹಿಡಿದು ಹೊಸ ಮದುಮಕ್ಕಳ ತನಕ ಎಲ್ಲರಿಗೂ "ಗದ್ದ ಸ್ವಲ್ಪ ಮೇಲೆ, ಭುಜ ಕೆಳಗೆ, ಎಲ್ಲಿ, ಒಂಚೂರು ನಗಿ" ಎಂದು ಹೇಳುವುದೇ ನನ್ನ ಕಸುಬು. ಕ್ಯಾಮೆರಾ ಪಕ್ಕದಲ್ಲಿ ಒಂದು ಕಾಡಿಗೆ ಡಬ್ಬಿ ಇಟ್ಟಿರುತ್ತಿದ್ದೆ. ಕೂಸಿನ ಕೆನ್ನೆಗೆ ಒಂದು ಬೊಟ್ಟು ಇಡದೆ ಫೋಟೊ ತೆಗೆಯಲು ಯಾವ ತಾಯಿಯೂ ಬಿಡುತ್ತಿರಲಿಲ್ಲ, ಬಿಟ್ಟರೂ ನಾನು ತೆಗೆಯುತ್ತಿರಲಿಲ್ಲ. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಜನ ತಮ್ಮ ಗದ್ದವನ್ನು ತಾವೇ ಮೇಲೆತ್ತಿಕೊಂಡು ತಾವೇ ನಗಲು ಕಲಿತರು. ನಾನು ಬಾಗಿಲು ಹಾಕಿದೆ. ಬೋರ್ಡು ಇಳಿಸಿದ ದಿನ ನನ್ನ ಹೆಂಡತಿ ಶಶಿಕಲಾ ಒಂದು ಮಾತೂ ಆಡದೆ ಅದನ್ನು ಒರೆಸಿ ಮಂಚದ ಕೆಳಗೆ ತಳ್ಳಿದಳು. ಅವಳು ಏನಾದರೂ ಅಂದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಎಂಟು ತಿಂಗಳು ಮನೆಯಲ್ಲಿ ಕುಳಿತ ಮೇಲೆ ಚಾಮರಾಜನಗರದಲ್ಲಿ ಕೆಲಸ ಸಿಕ್ಕಿತು. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ದೊಡ್ಡ ಕೋಣೆ, ಅದರಲ್ಲಿ ಹತ್ತು ಮೇಜು, ಹತ್ತು ಕಂಪ್ಯೂಟರು. ಹಾಲು ಕರೆಯುವ ಯಂತ್ರ ಮಾರುವ ಕಂಪನಿ. ಬಸ್ಸುಗಳ ಬೆನ್ನಿಗೆ ಒಂದು ನಂಬರು ಬರೆಸಿದ್ದಾರೆ. ಅದಕ್ಕೆ ಮಿಸ್ಡ್ ಕಾಲ್ ಕೊಟ್ಟವರಿಗೆ ನಾವು ತಿರುಗಿ ಫೋನು ಮಾಡಿ, ವಿಚಾರಿಸಿ, ಯಂತ್ರ ತೋರಿಸುವವನನ್ನು ಅವರ ಮನೆಗೆ ಕಳಿಸುವ ದಿನ ಗೊತ್ತುಮಾಡಬೇಕು. ನಮ್ಮ ಕೆಲಸಕ್ಕೆ ಇನ್‌ಸೈಡ್ ಸೇಲ್ಸ್ ಎಂದು ಹೆಸರು. ಹೊರಗೆ ಹೋಗುವ ಹಾಗಿಲ್ಲ, ಕುಂತಲ್ಲೇ ಮಾರಬೇಕು. ನನ್ನ ಭಾವಮೈದ ಇದನ್ನು ಕೇಳಿ, "ಒಳಗೆ ಕೂತ್ಕೊಂಡೇ ಮಾರೋದು ಅಂದ್ರೆ ಸುಖ ಬುಡಿ ಭಾವ, ಬಿಸ್ಲು ತಾಕಕಿಲ್ಲ" ಅಂದ. ಬಿಸಿಲು ತಾಕುವುದಿಲ್ಲ, ನಿಜ. ಮೂರು ತಿಂಗಳು ಪರೀಕ್ಷೆಯ ಅವಧಿ. ಅಷ್ಟರಲ್ಲಿ ಮೂರು ಆರ್ಡರು ತಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಶಶಿಕಲಾ ಕಾಯಂ ಆಗಿಹೋಯಿತೆಂದೇ ಇಡೀ ಬೀದಿಗೆ ಹೇಳಿದ್ದಳು. ಈ ವಯಸ್ಸಿನಲ್ಲಿ ಮತ್ತೊಬ್ಬರು ಕರೆದು ಕೆಲಸ ಕೊಡುತ್ತಾರೆಂಬ ಭ್ರಮೆ ನನಗಿರಲಿಲ್ಲ.

ಉಳಿದ ಒಂಬತ್ತು ಮಂದಿಯೂ ನನ್ನ ಮಕ್ಕಳ ವಯಸ್ಸಿನವರು. ನಮ್ಮ ಟೀಮ್ ಲೀಡರ್ ಮೇಘನಾ, ಮೈಸೂರಿನವಳು, ಇಪ್ಪತ್ತನಾಲ್ಕು ವರ್ಷ. ಪ್ಯಾಕೆಟ್ ಹಾಲು ಕುಡಿದು ಬೆಳೆದ ಹುಡುಗಿ. ಹಸು ಎಂದರೆ ರಸ್ತೆಗೆ ಅಡ್ಡ ಮಲಗುವ ಪ್ರಾಣಿ ಎಂಬಷ್ಟೇ ಅವಳ ತಿಳಿವಳಿಕೆ. ಆದರೆ ಬಹಳ ಒಳ್ಳೆಯವಳು. ನನ್ನನ್ನು ಏನೆಂದು ಕರೆಯಬೇಕೆಂದು ಎರಡು ದಿನ ಒದ್ದಾಡಿ ಕೊನೆಗೆ 'ಸರ್' ಎಂದಳು, ನಾನು ಅವಳನ್ನು 'ಮೇಡಂ' ಎಂದೆ, ಇಬ್ಬರಿಗೂ ನಾಚಿಕೆಯಾಯಿತು. ಅವಳು ಎಲ್ಲರ ಮೇಜಿನ ಮೇಲೂ ಒಂದೊಂದು ಪುಟ್ಟ ಕನ್ನಡಿ ಇಟ್ಟಿದ್ದಳು. ಫೋನಿನಲ್ಲಿ ನಗು ಕಾಣುವುದಿಲ್ಲ, ಆದರೆ ಕೇಳಿಸುತ್ತದಂತೆ. ಕನ್ನಡಿ ನೋಡಿಕೊಂಡು ನಗುತ್ತಾ ಮಾತಾಡಬೇಕು. ತರಬೇತಿಯ ದಿನ ಅವಳು ನನ್ನ ಕುರ್ಚಿಯ ಹಿಂದೆ ನಿಂತು, "ಸರ್, ಸ್ವಲ್ಪ ನಗಿ" ಎಂದಾಗ ನಾನು ತಬ್ಬಿಬ್ಬಾದೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿದ ಮಾತು ನನಗೇ ತಿರುಗಿ ಬಂದಿತ್ತು. ಅದು ಎಷ್ಟು ಕಷ್ಟದ ಕೆಲಸವೆಂದು ಅಂದು ತಿಳಿಯಿತು. ನನ್ನ ಸ್ಟುಡಿಯೊದಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತವರೆಲ್ಲರ ಕ್ಷಮೆ ಕೇಳಬೇಕೆನ್ನಿಸಿತು. ಆ ಕನ್ನಡಿಯಲ್ಲಿ ನಗುವ ಗಡಿಬಿಡಿಯಲ್ಲಿ ತರಬೇತಿಯ ಒಂದು ಮುಖ್ಯ ಮಾತು ನನ್ನ ಕಿವಿಗೆ ಬೀಳದೆ ಹೋಯಿತು. ಅದೇನೆಂದು ಮುಂದೆ ಹೇಳುತ್ತೇನೆ.

ಮೊದಲ ಫೋನು ಮಾಡಿದೆ. ಆ ಕಡೆ ಒಬ್ಬರು ಹಿರಿಯರು. ನಮಸ್ಕಾರ ಎಂದೆ, ಕಂಪನಿಯ ಹೆಸರು ಹೇಳಿದೆ. ಪರದೆಯ ಮೇಲೆ ಪ್ರಶ್ನೆ ಕಾಯುತ್ತಿತ್ತು: ಎಷ್ಟು ಹಸು? ನನ್ನ ತೊಡೆ ಜುಮ್ಮೆಂದಿತು. ಪರವೂರಿನವನು, ಮುಖ ನೋಡದವನು, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ, ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ಜೀವ ಇವೆ, ಎಷ್ಟು ಲೀಟರು ಕರೆಯುತ್ತವೆ ಎಂದು ಕೇಳುವುದೇ? ನಾನು ಕೇಳಲಿಲ್ಲ. ಮಳೆ ಹೇಗೆ ಎಂದೆ, ಮೇವು ಸಾಕಾಗುತ್ತದೆಯೇ ಎಂದೆ, ಮೊಣಕಾಲು ನೋವಿಗೆ ಏನು ಹಚ್ಚುತ್ತೀರಿ ಎಂದೆ. ಬಹಳ ಹೊತ್ತು ಚೆನ್ನಾಗಿ ಮಾತಾಡಿದೆವು. ಆದರೆ ಕಂಪ್ಯೂಟರಿಗೆ ಮರ್ಯಾದೆ ಗೊತ್ತಿಲ್ಲ. ಹಸುಗಳ ಜಾಗದಲ್ಲಿ ಒಂದು ಅಂಕಿ ಹಾಕದೆ ಅದು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಆದದ್ದಾಗಲಿ ಎಂದು '1' ಒತ್ತಿದೆ. ಒಂದೇ ಒಂದು ಹಸು. ಯಾರ ಕಣ್ಣೂ ಬೀಳದ ಸಂಖ್ಯೆ. ಆ ಹಿರಿಯರ ಕೊಟ್ಟಿಗೆಯನ್ನು ನಾನೇ ಕಾಪಾಡಿದೆನೆಂಬ ಸಮಾಧಾನದಲ್ಲಿ ಅಂದು ಊಟ ಮಾಡಿದೆ.

ಹೀಗೆ ಎರಡೂವರೆ ತಿಂಗಳು ಮೂರು ತಾಲ್ಲೂಕಿನ ಹಸುಗಳನ್ನು ಕಾಪಾಡಿದೆ. ಉಳಿದವರು ನೇರವಾಗಿ ಕೇಳುತ್ತಿದ್ದರು, ಆ ಕಡೆಯವರು "ಏನೋ ಒಂದೆರಡವೆ ಬುಡಪ್ಪ" ಎಂದು ಜಾರಿಕೊಳ್ಳುತ್ತಿದ್ದರು. ಆದರೂ ಹತ್ತರಲ್ಲಿ ಒಬ್ಬರು ನಿಜ ಹೇಳುತ್ತಿದ್ದರು, ಅವರ ಮನೆಗೆ ಯಂತ್ರ ಹೋಗುತ್ತಿತ್ತು. ನನ್ನ ಹೆಸರಿನ ಮುಂದೆ ಮಾತ್ರ ಸೊನ್ನೆ. ನನ್ನಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ, ನನ್ನ ಫೋನನ್ನು ಯಾರೂ ಮುಖಕ್ಕೆ ಹೊಡೆದಂತೆ ಇಡುವುದಿಲ್ಲ, ಆದರೂ ಯಾರ ಮನೆಗೂ ಯಂತ್ರ ಹೋಗುವುದಿಲ್ಲ. ಸಾಯಂಕಾಲ ಗುಂಡ್ಲುಪೇಟೆಯ ಬಸ್ಸಿನಲ್ಲಿ ಕುಳಿತರೆ ಮುಂದಿನ ಬಸ್ಸಿನ ಬೆನ್ನ ಮೇಲೆ ನಮ್ಮ ನಂಬರು ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲಿ ಶಶಿಕಲಾ, "ಇವತ್ತು ಏನಾದ್ರೂ ಆಯ್ತಾ?" ಎಂದು ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ಕೇಳದೆ ಹಾಗೆ ತಟ್ಟೆ ಮುಂದಿಡುವ ಹೆಂಗಸಿನ ಎದುರು ಕೂತು ಉಣ್ಣುವುದು ಕಷ್ಟ.

ನನ್ನ ಪಟ್ಟಿಯಲ್ಲಿ ಉಮ್ಮತ್ತೂರಿನ ಪುಟ್ಟಮಾದಮ್ಮ ಎಂಬ ಮುದುಕಿ ಇದ್ದಳು. ಅವಳಿಗೆ ಒಂಬತ್ತು ಸಲ ಫೋನು ಮಾಡಿದ್ದೆ. ಪ್ರತಿ ಸಲವೂ ನಾನು ಬಾಯಿ ತೆರೆಯುವ ಮೊದಲೇ, "ಯಾನ ಮಗ, ಉಂಡ್ಯಾ?" ಎನ್ನುತ್ತಿದ್ದಳು. ದಿನಕ್ಕೆ ಎಪ್ಪತ್ತು ಜನರ ಜೊತೆ ಮಾತಾಡುವ ನನ್ನನ್ನು ಉಂಡೆಯಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಯಂತ್ರದ ಮಾತೆತ್ತಿದರೆ, "ಇರೋದೇ ಒಂದು ಮುದಿ ಹಸ ಕಣಪ್ಪ, ಅದ್ಕೆ ಯಾಕ್ ಮಿಷಿನ್ನು. ನಾಳಿದ್ದು ಮಾಡು, ನೋಡನ" ಎನ್ನುತ್ತಿದ್ದಳು. ನಾಳಿದ್ದು ಮಾಡುತ್ತಿದ್ದೆ. ಮತ್ತೆ ನಾಳಿದ್ದು ಮಾಡು ಎನ್ನುತ್ತಿದ್ದಳು.

ಅವಧಿ ಮುಗಿಯಲು ಒಂದು ವಾರ ಉಳಿದಾಗ ಮೇಘನಾ ನನ್ನನ್ನು ತನ್ನ ಮೇಜಿಗೆ ಕರೆದಳು. ನಮ್ಮ ಮಾತೆಲ್ಲ ರೆಕಾರ್ಡ್ ಆಗುತ್ತದೆ. ನನ್ನನ್ನು ಉಳಿಸಿಕೊಳ್ಳಲು ಏನಾದರೂ ದಾರಿಯಿದೆಯೇ ಎಂದು ಅವಳು ಎರಡು ದಿನದಿಂದ ನನ್ನ ಮಾತುಗಳನ್ನು ಕೇಳುತ್ತಾ ಕುಳಿತಿದ್ದಳಂತೆ. ಪುಟ್ಟಮಾದಮ್ಮನ ಮಾತನ್ನು ಹಾಕಿ ನನ್ನ ಕಿವಿಗೆ ಹೆಡ್‌ಫೋನ್ ಕೊಟ್ಟಳು. "ಇರೋದೇ ಒಂದು ಮುದಿ ಹಸ ಕಣಪ್ಪ." ಅದರ ಹಿಂದೆ ಒಂದು ಅಂಬಾ. ಅದಕ್ಕೆ ಉತ್ತರವಾಗಿ ಇನ್ನೊಂದು ಅಂಬಾ, ಸ್ವಲ್ಪ ಸಣ್ಣ ದನಿಯದು. ದೂರದಲ್ಲಿ ಮತ್ತೊಂದು.

"ಸರ್, ನನಗೆ ಹಸು ವಿಷಯ ಗೊತ್ತಿಲ್ಲ. ಒಂದೇ ಹಸು ಮೂರು ದನಿಯಲ್ಲಿ ಕೂಗುತ್ತಾ?" ಎಂದಳು.

ನಾನು ತಲೆ ತಗ್ಗಿಸಿದೆ. ಅವಳು ನನ್ನ ಪಟ್ಟಿ ತೆರೆದು ತೋರಿಸಿದಳು. ಮೇಲಿನಿಂದ ಕೆಳಗೆ ಒಂದು, ಒಂದು, ಒಂದು. "ಇಡೀ ಜಿಲ್ಲೆಯಲ್ಲಿ ಎಲ್ಲರಿಗೂ ಒಂದೇ ಹಸುನಾ ಸರ್? ಮೂರಕ್ಕಿಂತ ಕಡಿಮೆ ಅಂತ ಹಾಕಿದ್ರೆ ಕಂಪ್ಯೂಟರ್ ಅವರನ್ನ ಯಂತ್ರ ತೋರಿಸೋ ಪಟ್ಟಿಯಿಂದಲೇ ತೆಗೆದುಹಾಕುತ್ತೆ, ಯಾರೂ ಅವರ ಮನೆಗೆ ಹೋಗಲ್ಲ. ಮೊದಲನೇ ದಿನವೇ ಹೇಳಿದ್ದೆ." ಅದೇ, ನಗುವ ಗಡಿಬಿಡಿಯಲ್ಲಿ ನನ್ನ ಕಿವಿಗೆ ಬೀಳದ ಮಾತು. ಎರಡೂವರೆ ತಿಂಗಳು ನಾನು ಕಾಪಾಡಿದ ಜನರನ್ನೆಲ್ಲ ನಾನೇ ಒಬ್ಬೊಬ್ಬರನ್ನಾಗಿ ಆಚೆಗೆ ತಳ್ಳಿದ್ದೆ. ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಅವ್ವ, ಕರು, ತೊಡೆ, ಕಾಡಿಗೆ ಡಬ್ಬಿ, ಎಲ್ಲವನ್ನೂ ಹೇಳಿದೆ. ಮಗಳ ವಯಸ್ಸಿನ ಹುಡುಗಿಯ ಮುಂದೆ ದೃಷ್ಟಿ ತಾಕುತ್ತದೆಂದು ಕಂಪ್ಯೂಟರಿಗೆ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಅವಳು ನಗಲಿಲ್ಲ. ಪಟ್ಟಿಯನ್ನು ಮುಚ್ಚಿ, "ಭಾನುವಾರ ನಿಮಗೆ ರಜೆ. ರಜೆಯಲ್ಲಿ ನೀವು ಎಲ್ಲಿಗೆ ಹೋಗ್ತೀರಿ ಅಂತ ನಾನು ಕೇಳೋ ಹಾಗಿಲ್ಲ" ಎಂದಳು.

ಭಾನುವಾರ ಉಮ್ಮತ್ತೂರಿಗೆ ಹೊರಟೆ. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಶಶಿಕಲಾ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟಳು. ಸಂತೆಮರಹಳ್ಳಿಯಲ್ಲಿ ಬಸ್ಸು ಬದಲಿಸಿ, ಉಮ್ಮತ್ತೂರಿನಲ್ಲಿ ಇಳಿದು ಮನೆ ಕೇಳಿಕೊಂಡು ಹೋದೆ. ಜಗಲಿಯ ಮೇಲೆ ಸಣ್ಣಗೆ ಒಣಗಿದ ಒಬ್ಬ ಮುದುಕಿ ಕುಳಿತಿದ್ದಳು. ನನ್ನನ್ನು ನೋಡಿ, "ಯಾರಪ್ಪ?" ಎಂದಳು. ನಾನು, "ನಮಸ್ಕಾರ ಅವ್ವ" ಎಂದೆ, ಅಷ್ಟೇ. "ಅಯ್ಯೋ ಫೋನಿನ ಮಗ. ಉಂಡ್ಯಾ?" ಎಂದಳು. ನನಗೆ ಇದ್ದಕ್ಕಿದ್ದಂತೆ ಅಳು ಬಂದಂತಾಗಿ ಬಾಳೆಹಣ್ಣನ್ನು ಮುಂದೆ ಮಾಡಿದೆ.

ಮಜ್ಜಿಗೆ ಕೊಟ್ಟಳು. ಆಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಒಳಗೆ ಹೋದವನು ಸೂರಿನ ಕಡೆ ಕಣ್ಣು ನೆಟ್ಟು ನಿಂತೆ. ಎರಡೂ ಕಡೆ ಬೆಚ್ಚಗಿನ ಉಸಿರು, ಸರಪಣಿಯ ಸದ್ದು, ಬಾಲ ಬೀಸಿದ ಗಾಳಿ. ನಾನು ತಲೆ ಇಳಿಸಲಿಲ್ಲ.

"ಯಾನ ಮಗ ಮ್ಯಾಲ ನೋಡ್ತಿದ್ದಯ್ಯ? ಹಸ ಕೆಳಗದೆ."

"ಸೂರು ಗಟ್ಟಿಯಾಗಿದೆ ಕಣವ್ವ."

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಬೆರಳುಗಳು ಅರ್ಧಕ್ಕೆ ನಿಂತಿದ್ದವು, ಪೂರ್ತಿ ಮಡಿಸಲು ಬರುತ್ತಿರಲಿಲ್ಲ. "ಐವತ್ತು ವರ್ಸ ಕರ್ದಿವ್ನಿ ಮಗ. ಈಗ ಮುಷ್ಟಿ ಕಟ್ಟಕ್ಕಾಗಕಿಲ್ಲ. ಬೆಳಗ್ಗೆ ಬಿಸ್ನೀರ್ಗೆ ಕೈ ಇಟ್ಕಂಡು ಆಮ್ಯಾಕೆ ಕೂತ್ಕತೀನಿ. ನನ್ ಮಗ ನೋಡ್ಬುಟ್ಟ. ನಿನ್ ಕೈಲಿ ಆಗಕಿಲ್ಲ, ಬರೋ ಸಂತೆಗೆ ಎಲ್ಲಾನೂ ಹೊಡ್ಕಂಡೋಗಿ ಮಾರ್ಬುಡ್ತೀನಿ ಅಂತ ಕುಂತವ್ನೆ. ಇವು ಹೋದ್ಮೇಲೆ ನಾನು ಬೆಳಗ್ಗೆ ಎದ್ದು ಯಾರ್ನ ಮಾತಾಡ್ಸ್ಲಿ? ಬಸ್ಸಿನ ಮ್ಯಾಲೆ ನಂಬರ್ ನೋಡ್ದೆ, ಮೊಮ್ಮಗಳ ಕೈಲಿ ಒತ್ತಿಸ್ದೆ. ನಿಮ್ ಆಪೀಸಿಂದ ಮೊದ್ಲು ಒಬ್ಳು ಮಾಡಿದ್ಲು. ಎತ್ತಿದ್ ತಕ್ಷಣ ಎಷ್ಟವೆ ಅಂದ್ಲು. ಮಡಗ್ಬುಟ್ಟೆ. ಆಮ್ಯಾಕೆ ನೀನು ಮಾಡ್ದೆ. ನೀನು ಕೇಳ್ನಿಲ್ಲ. ಒಂಬತ್ ಸಲ ಮಾಡಿದ್ರೂ ಕೇಳ್ನಿಲ್ಲ. ಇವ್ನು ಯಾರೋ ಹಸ ಕಂಡ ಮನೆಯವ್ನು ಅಂದ್ಕಂಡೆ."

"ಮತ್ತೆ ಯಾಕವ್ವ ಬೇಡ ಅಂತಿದ್ದೆ?"

"ಬೇಕು ಅಂದ್ಬುಟ್ರೆ ನೀನು ಫೋನ್ ಮಾಡೋದ್ನ ಬುಟ್ಬುಡ್ತಿದ್ದೆ."

ನಾನು ಮಾರಾಟಗಾರನ ಬಾಯಲ್ಲಿ ಬರಬಾರದ ಮಾತುಗಳನ್ನೆಲ್ಲ ಆಡಿದೆ. ಮೊದಲು ಕೆಲವು ದಿನ ಯಂತ್ರದ ಸದ್ದಿಗೆ ಹಸು ಬೆದರುತ್ತದೆ, ಒದೆಯಬಹುದು, ದಿನಾ ತೊಳೆಯದಿದ್ದರೆ ಹಾಲು ಕೆಡುತ್ತದೆ, ನಿನಗೆ ಒಗ್ಗದಿದ್ದರೆ ಕೊಳ್ಳಬೇಡ ಎಂದೆ. ಅವಳು ಎಲ್ಲಕ್ಕೂ ತಲೆಯಾಡಿಸಿ, "ನಾಳೀಕೆ ಕಳಿಸು" ಎಂದಳು. ಎಷ್ಟು ಹಸು ಎಂದು ಬರೆಯದೆ ಯಂತ್ರ ಬರುವುದಿಲ್ಲ, ದೊಡ್ಡದು ಬೇಕೋ ಚಿಕ್ಕದು ಬೇಕೋ ಗೊತ್ತಾಗಬೇಕು ಎಂದು ಹೇಳಿದಾಗ ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಆ ಕಡೆ ತಿರುಗಿದಳು. "ನೀನೇ ನೋಡಿ ಬರ್ಕೊ. ನಂಗ್ ಕೇಳುಸ್ಬೇಡ" ಎಂದಳು. ನಾನು ಮೊದಲ ಬಾರಿಗೆ ತಲೆ ಇಳಿಸಿ, ಬೆರಳು ತೋರಿಸದೆ, ತುಟಿ ಅಲ್ಲಾಡಿಸದೆ ಎಣಿಸಿ ಬರೆದುಕೊಂಡೆ. ಸೋಮವಾರ ಅದನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಪರದೆಯ ಮೂಲೆಗೆ ಒಂದು ಕಾಡಿಗೆ ಬೊಟ್ಟು ಇಟ್ಟೆ. ಮೇಘನಾ ಅದನ್ನು ಬಟ್ಟೆಯಿಂದ ಒರೆಸಲು ಬಂದವಳು ನನ್ನ ಮುಖ ನೋಡಿ ಬಟ್ಟೆ ಮಡಚಿಟ್ಟಳು.

ಯಂತ್ರ ತೋರಿಸುವವನು ಅಂದೇ ಹೋದ. ಹಸುಗಳು ಒದೆಯಲಿಲ್ಲವಂತೆ. ಮುದುಕಿ ಯಂತ್ರ ಓಡುವಷ್ಟು ಹೊತ್ತೂ ಅವುಗಳ ಕತ್ತು ಸವರುತ್ತಾ ಮಾತಾಡಿಸುತ್ತಾ ನಿಂತಿದ್ದಳಂತೆ. ಮಗ ನೋಡಿ, ಆಯ್ತು ಬುಡು ಎಂದನಂತೆ. ಆ ಸಂತೆಗೆ ಉಮ್ಮತ್ತೂರಿನ ಆ ಮನೆಯಿಂದ ಯಾವ ಹಸುವೂ ಹೋಗಲಿಲ್ಲ. ಆರ್ಡರು ಬಂತು.

ಅಲ್ಲಿಗೆ ಒಂದು. ಇನ್ನೂ ಎರಡು ಬೇಕಿತ್ತು, ಐದು ದಿನ ಉಳಿದಿತ್ತು. ಮಂಗಳವಾರದಿಂದ ನಮ್ಮ ಆಫೀಸಿನಲ್ಲಿ ಒಂದು ವಿಚಿತ್ರ ಶುರುವಾಯಿತು. ಫೋನು ಮಾಡಿದವರಿಗೆಲ್ಲ ಆ ಕಡೆಯಿಂದ ಹೆಂಗಸರು, "ಎಷ್ಟವೆ ಅಂತ ಕೇಳ್ದೆ ಇರೋ ಹುಡ್ಗ ಒಬ್ಬ ಅವ್ನಂತಲ್ಲ, ಅವ್ನಿಗೆ ಕೊಡಿ" ಎನ್ನತೊಡಗಿದರು. ಡೈರಿಗೆ ಹಾಲು ಹಾಕಲು ನಿಂತ ಸಾಲಿನಲ್ಲಿ ಪುಟ್ಟಮಾದಮ್ಮ ಸುದ್ದಿ ಹಬ್ಬಿಸಿದ್ದಳು. ನಲವತ್ತಾರು ವರ್ಷದ ಹುಡುಗನ ಕಡೆಗೆ ಒಂಬತ್ತು ಮಂದಿಯೂ ಕತ್ತು ತಿರುಗಿಸಿ ನೋಡಿದರು. ಕೇಳದೆ ತಿಳಿಯುವುದು ಹೇಗೆ ಎಂದು ನಾನು ಒಂದು ದಾರಿ ಕಂಡುಕೊಂಡಿದ್ದೆ. "ಬೆಳಗ್ಗೆ ಕರೆದು ಮುಗಿಸೋಕೆ ಎಷ್ಟೊತ್ತು ಹಿಡಿಯುತ್ತವ್ವ?" ಎಂದರೆ ಸಾಕು. ಹೊತ್ತಿಗೆ ದೃಷ್ಟಿ ತಾಕುವುದಿಲ್ಲ. ಸೊಂಟ ಹಿಡಿದುಕೊಳ್ಳುವ ತನಕದ ಲೆಕ್ಕವನ್ನೆಲ್ಲ ಅವರೇ ಒಪ್ಪಿಸುತ್ತಾರೆ, ಉಳಿದದ್ದು ನಾನು ಮನಸ್ಸಿನಲ್ಲೇ ಭಾಗಿಸಿಕೊಳ್ಳುತ್ತೇನೆ. ಗುರುವಾರದ ಹೊತ್ತಿಗೆ ಮೇಘನಾ ಎಲ್ಲರ ಪರದೆಯಲ್ಲೂ ಮೊದಲ ಪ್ರಶ್ನೆಯನ್ನು ಬದಲಿಸಿಬಿಟ್ಟಳು.

ಶನಿವಾರ ಕೊನೆಯ ದಿನ. ಮಧ್ಯಾಹ್ನ ಮುಖ್ಯ ಕಚೇರಿಯಿಂದ ಸಾಹೇಬರ ಫೋನು ಬಂತು. ಕಾಯಂ ಮಾಡುವ ಮೊದಲು ಅವರೇ ಒಂದು ಮಾತು ಕೇಳುವುದು ಪದ್ಧತಿ. ಮೇಘನಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಕನ್ನಡಿ ಮುಂದಿತ್ತು, ನಗುತ್ತಲೇ ಇದ್ದೆ, ಈ ಸಲ ಯಾರೂ ಹೇಳಿರಲಿಲ್ಲ.

"ಹೇಳಿ, ಒಟ್ಟು ಎಷ್ಟು ಆರ್ಡರ್ ಆಗಿದೆ ನಿಮ್ಮದು?" ಎಂದರು ಸಾಹೇಬರು.

ಸಂಖ್ಯೆ ನನ್ನ ನಾಲಗೆಯ ತುದಿಗೆ ಬಂದಿತ್ತು. ತೊಡೆ ಜುಮ್ಮೆಂದಿತು. ಹೆಂಡತಿ, ಮಂಚದ ಕೆಳಗಿನ ಬೋರ್ಡು, ಎಂಟು ತಿಂಗಳ ಖಾಲಿ ಮಧ್ಯಾಹ್ನಗಳು ಎಲ್ಲ ಕಣ್ಣ ಮುಂದೆ ಬಂದರೂ ಆ ನಾಲಗೆ ಏಳಲಿಲ್ಲ.

"ಏನೋ ಒಂದು ಆಗಿದೆ ಸರ್, ಹಿರಿಯರ ಆಶೀರ್ವಾದ" ಎಂದೆ.

ಆ ಕಡೆ ಪೆನ್ನಿನಿಂದ ಏನನ್ನೋ ಗೀಚುವ ಸದ್ದು. ನನ್ನ ಕೆಲಸವನ್ನು ನಾನೇ ನನ್ನ ಬಾಯಿಂದ ಕಳೆದುಕೊಳ್ಳುತ್ತಿದ್ದೇನೆಂದು ಗೊತ್ತಾಗುತ್ತಿತ್ತು, ಆದರೂ ಇನ್ನೊಂದು ಅಕ್ಷರ ಹೊರಡಲಿಲ್ಲ. ಆಗ ಮೇಘನಾ ನನ್ನ ತಲೆಯಿಂದ ಹೆಡ್‌ಫೋನನ್ನು ಮೆಲ್ಲನೆ ತೆಗೆದುಕೊಂಡಳು. "ಸರ್, ಒಂದು ನಿಮಿಷ, ನಾನು ಹೇಳ್ತೀನಿ" ಎಂದವಳು ಅಲ್ಲೇ ಹೇಳಲಿಲ್ಲ. ವೈರು ಎಟುಕುವಷ್ಟು ದೂರ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ನನ್ನ ಕಿವಿಗೆ ಬೀಳದಂತೆ ಪಿಸುಗುಟ್ಟಿದಳು. ಪ್ಯಾಕೆಟ್ ಹಾಲಿನ ಹುಡುಗಿ. ನಮ್ಮವ್ವ ಇದ್ದಿದ್ದರೆ ಅವಳನ್ನು ಅಲ್ಲೇ ಮೊಮ್ಮಗಳನ್ನಾಗಿ ಮಾಡಿಕೊಂಡುಬಿಡುತ್ತಿದ್ದಳು.

ಕೆಲಸ ಕಾಯಂ ಆಯಿತು. ಎಷ್ಟು ಆರ್ಡರಿನ ಮೇಲೆ ಆಯಿತೆಂದು ಮಾತ್ರ ದಯವಿಟ್ಟು ಕೇಳಬೇಡಿ. ಕೇಳಿದರೆ ಒಂದು ಎನ್ನುತ್ತೇನೆ.